ಮಹಿಷಾಸುರನ ಹಿಮ್ಮಡಿ

ಮಾಟುಂಗದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ವಾರವಿಡೀ ಕೂರುವ ಮೋನಪ್ಪ, ಭಾನುವಾರ ಬಂತೆಂದರೆ ಮೂರು ಲೋಕಗಳನ್ನು ನಡುಗಿಸುವ ಯಕ್ಷಗಾನದ ಮಹಿಷಾಸುರ. ಅವನ ಪ್ರವೇಶಕ್ಕೆ ಅಮ್ಮನ ಸೆರಗು ಹಿಡಿಯದ ಮಕ್ಕಳಿಲ್ಲ. ಅವನ ಪಾದಕ್ಕೆ ಸಿಕ್ಕಿ ಸೀಳಿದ ಹಲಗೆಗಳಿಗೆ ಲೆಕ್ಕವಿಲ್ಲ. ಅಂಥ ವೀರ ಈ ಮಳೆಗಾಲದಲ್ಲಿ ಒಂದು ನೆಲಕ್ಕೆ ಹೆದರಿದ.

ಅಂಧೇರಿಯ ಹೊಸ ಬಿಲ್ಡಿಂಗಿನ ಒಂಬತ್ತನೆಯ ಮಾಳಿಗೆಯಲ್ಲಿ ಅವನ ಯಕ್ಷಗಾನ ಸಂಘಕ್ಕೆ ಸಭಾಂಗಣ ಸಿಕ್ಕಿತ್ತು. ನಡುವೆ ಒಂದೂ ಕಂಬವಿಲ್ಲದ ವಿಶಾಲ ಜಾಗ. ಮೊದಲ ಅಭ್ಯಾಸದ ದಿನ ಚೆಂಡೆಗೆ ಪೆಟ್ಟು ಬಿತ್ತು, ಮಹಿಷ ಕುಣಿದ, ಸ್ವಲ್ಪ ಹೊತ್ತಿಗೆ ನೆಲವೂ ಕುಣಿಯತೊಡಗಿತು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ದೇವೇಂದ್ರನಿಗೇ ಜಗ್ಗದವನು ತಬ್ಬಿಕೊಳ್ಳಲು ಕಂಬ ಹುಡುಕಿದ.

ಅಂದಿನಿಂದ ಮನೆಯಲ್ಲೂ ತುದಿಗಾಲಿನ ನಡಿಗೆ. ಪಕ್ಕದ ಮನೆಯ ಮಿಕ್ಸರ್ ತಿರುಗಿದರೂ ಗೋಡೆ ಹಿಡಿಯುತ್ತಿದ್ದ. ಸಂಘದವರಿಗೆ ಮೊಣಕಾಲು ನೋವೆಂದ. "ಹಾಗಾದರೆ ಈ ಸಲ ಕೋಣದ ಕೊಂಬು ಅಕ್ಷಯನಿಗೆ ಕೊಡುವ" ಎಂದರು ಅವರು. ಅಕ್ಷಯ ಬ್ಯಾಂಕಿನಲ್ಲಿರುವ ತರುಣ. ಆಗಲೇ ಕನ್ನಡಿಯ ಮುಂದೆ ಹೂಂಕರಿಸುತ್ತಿದ್ದನಂತೆ.

"ನೋವು ಕಾಲಿಗಲ್ಲ ಮಾರಾಯ್ರೆ, ಧೈರ್ಯಕ್ಕೆ. ನಡೀರಿ, ನಾನೂ ಬರ್ತೇನೆ" ಎಂದು ಹೆಂಡತಿ ಸೇವಂತಿ ಅವನನ್ನು ಲೋಕಲ್ ರೈಲು ಹತ್ತಿಸಿದಳು.

ಸಭಾಂಗಣದ ನಡುವೆ ನಡುಕ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಎಂಜಿನಿಯರ್ ನಿಖಿತಾ ಕುಳಿತಿದ್ದಳು. ನೆಲ ಕುಣಿಯುವ ದೂರು ಕೇಳಿ ಬಿಲ್ಡಿಂಗಿನವರು ಅವಳನ್ನು ಕರೆಸಿದ್ದರು.

"ಅಂಕಲ್, ಪ್ರತಿ ಫ್ಲೋರ್‌ಗೆ ತನ್ನದೇ ತಾಳ ಇರ್ತದೆ. ನಿಮ್ಮ ಹೆಜ್ಜೆ ಅದಕ್ಕೇ ಮ್ಯಾಚ್ ಆಯ್ತು. ಜೋಕಾಲಿಯನ್ನು ಸರಿ ಹೊತ್ತಿಗೆ ತಳ್ಳಿದ ಹಾಗೆ, ಅಷ್ಟೇ. ಬೀಳೋದಿಲ್ಲ."

"ಅದು ನೆಲಕ್ಕೆ ಗೊತ್ತುಂಟಾ?" ಎಂದ ಮೋನಪ್ಪ.

ನಿಖಿತಾ ನಕ್ಕಳು. "ಟೆಸ್ಟ್ ಮಾಡುವ. ಭಾರ ಇರುವವರು ಬೇಕು. ತುದಿಗಾಲಲ್ಲಿ ನಿಂತು ಹೀಲ್ ಧಪ್ ಅಂತ ಬಿಡಿ. ಎಷ್ಟು ಹೊತ್ತು ನಡುಗ್ತದೆ ಅಂತ ಮಿಷನ್ ಹೇಳ್ತದೆ."

ಅಭ್ಯಾಸಕ್ಕೆ ಬಂದಿದ್ದ ಸಂಘದವರೆಲ್ಲರ ಕಣ್ಣೂ ಭಾರದ ಕಡೆ ತಿರುಗಿತು. ಮೋನಪ್ಪ ಪೆಟ್ಟಿಗೆಯ ಪಕ್ಕ ನಿಂತು ಹಿಮ್ಮಡಿ ಎತ್ತಿದ. ಇಳಿಸಲಿಲ್ಲ. ಮೀನಖಂಡ ಕಂಪಿಸಿತು, ಬೆವರು ಮೂಗಿನ ತುದಿಗೆ ಬಂತು. ಕಾಲ ಕೆಳಗಿನ ಅಷ್ಟೂ ಮಾಳಿಗೆಗಳು ಅವನಿಗೆ ಒಂದೊಂದಾಗಿ ಕಂಡವು.

"ಛೋಡೋ ನಾ ಅಂಕಲ್."

"ಬಿಡ್ತೇನೆ, ಬಿಡ್ತೇನೆ. ಕೆಳಗೆ ಯಾರಾದರೂ ಇದ್ದಾರಾ, ಮೊದಲು ನೋಡಿ."

"ಅಕ್ಷಯ ಲಿಫ್ಟಲ್ಲಿ ಬರ್ತಾ ಇದ್ದಾನೆ" ಎಂದಳು ಬಾಗಿಲಲ್ಲಿದ್ದ ಸೇವಂತಿ.

ಹಿಮ್ಮಡಿ ಬಿತ್ತು. ನೆಲ ಗದಗುಟ್ಟಿತು, ನಡುಕ ಕಾಲಿನಿಂದ ಹಲ್ಲಿನವರೆಗೂ ಹತ್ತಿ ಬಂದು, ಬಹಳ ಹೊತ್ತಿನ ಮೇಲೆ ಸುಮ್ಮನಾಯಿತು.

ನಿಖಿತಾ ಪೆಟ್ಟಿಗೆ ನೋಡಿದಳು. "ನೆಲದ ಅಡಿಯಿಂದ ಸ್ಪ್ರಿಂಗಿಗೆ ತೂಕ ಕಟ್ಟಿ ತೂಗುಹಾಕಬೇಕು. ಅದು ಉಲ್ಟಾ ಅಲುಗಿ ನಡುಕವನ್ನು ತಿಂದು ಹಾಕ್ತದೆ. ಅಲ್ಲಿಯ ತನಕ ತಾಳ ನಿಧಾನ ಇರಲಿ. ನಡುಗ್ತದೆ, ಆದರೆ ಕಮ್ಮಿ."

ಅಷ್ಟರಲ್ಲಿ ಒಳಗೆ ಬಂದ ಅಕ್ಷಯ ಒಂದು ಮೂಲೆಯಲ್ಲಿ ಕುಳಿತು ಗೆಜ್ಜೆ ಕಟ್ಟಿಕೊಳ್ಳತೊಡಗಿದ. ಮೋನಪ್ಪ ಅವನನ್ನು ನೋಡಿದ, ನೆಲವನ್ನು ನೋಡಿದ.

"ನಿಧಾನಕ್ಕೆ ಬಾರಿಸಿ" ಎಂದ ಚೆಂಡೆಯವನಿಗೆ.

ಮಹಿಷ ಕುಣಿದ. ಕಮ್ಮಿಯಾದರೂ ನೆಲ ನಡುಗಿತು. ಮೋನಪ್ಪ ಕಣ್ಣು ಮುಚ್ಚಿ ಆರ್ಭಟಿಸಿದ. ಅದು ಆರ್ಭಟವಲ್ಲ, ಪ್ರಾಣಭಯದ ಶುದ್ಧ ಬೊಬ್ಬೆ. ಅಂಥದ್ದು ಕಲಿತು ಬರುವುದಲ್ಲವೆಂದು ತಿಳಿದು, ಅಕ್ಷಯ ಮೂಲೆಯಲ್ಲೇ ಗೆಜ್ಜೆ ಬಿಚ್ಚಿದ.