ಬಂಡೆ ಹತ್ತಿದ ಪ್ರಶ್ನೆ

ದಿಲ್ಲಿಯ ಸಂಸತ್ತು ದಿನಾ ಹೇಗೆ ನಡೆಯುತ್ತದೆ ಎಂಬುದು ಕರೇಬಂಡಿಯ ಅಂಗನವಾಡಿ ಟೀಚರ್ ಶಂಕ್ರಮ್ಮನಿಗೆ ಗೊತ್ತಿರುವಷ್ಟು ಆ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸದನ ಕೂಡುತ್ತದೆ. ಮೊದಲ ಒಂದು ತಾಸು ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಿಂದ ಉತ್ತರ ಹೇಳಬೇಕು, ಚುಕ್ಕೆ ಇಲ್ಲದ್ದಕ್ಕೆ ಬರೆದು ಕೊಟ್ಟರೆ ಸಾಕು. ಆಮೇಲೆ ಒಬ್ಬೊಬ್ಬರೇ ಎದ್ದು ಕಾಗದಪತ್ರಗಳನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ಇದೆಲ್ಲ ಆಕೆಗೆ ಮಗ್ಗಿಯ ಹಾಗೆ ಬಾಯಿಪಾಠ. ಸಾಲೆಯಲ್ಲಿ ಕಲಿತದ್ದಲ್ಲ, ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಬಂಡೆಯ ದೆಸೆಯಿಂದ ಕಲಿತದ್ದು.

ಕರೇಬಂಡಿ ಹನುಮಸಾಗರದಿಂದ ಒಂಬತ್ತು ಕಿಲೋಮೀಟರ್ ಒಳಗಿದೆ. ಮನೆಗೆ ಎರಡೆರಡು ಫೋನಿವೆ, ಆದರೆ ಊರಿಗೆಲ್ಲ ಸಿಗ್ನಲ್ ಸಿಗುವುದು ಒಂದೇ ಕಡೆ, ಊರ ಹಿಂದಿನ ದೊಡ್ಡ ಬಂಡೆಯ ನೆತ್ತಿಯ ಮೇಲೆ. ಬೀಗರ ಮಾತುಕತೆ, ಸಾವಿನ ಸುದ್ದಿ, ಕುಷ್ಟಗಿ ಮಾರುಕಟ್ಟೆಯ ಧಾರಣೆ, ಏನೇ ಇದ್ದರೂ ಅಲ್ಲಿಗೆ ಹತ್ತಬೇಕು. ಗಂಡಸರಿಗೆ ಅದು ಬೇಸರವೇ ಆಗಿರಲಿಲ್ಲ. ಹರಟೆ ಹೊಡೆಯಲು ಒಂದು ಕಟ್ಟೆ ಸಿಕ್ಕಂತಾಗಿತ್ತು.

ಹೆಣ್ಣುಮಕ್ಕಳ ಪಾಲಿಗೆ ಬಂಡೆ ಬಂದದ್ದು ಆಮೇಲೆ. ಬಸುರಿ ಬಾಣಂತಿಯರಿಗೆ ಆಹಾರದ ಪೊಟ್ಟಣ ಕೊಡುವ ಮೊದಲು ಅವರ ಮುಖವನ್ನು ಫೋನಿಗೆ ಹಿಡಿದು ಕಳಿಸಬೇಕು ಎಂಬ ನಿಯಮ ಬಂತು. ಮುಖ ಹೋಗದಿದ್ದರೆ ಪೊಟ್ಟಣ ಇಲ್ಲ. ಕೆಳಗೆ ಫೋಟೊ ತೆಗೆದುಕೊಂಡು ತಾನೊಬ್ಬಳೇ ಮೇಲೆ ಹೋಗಿ ಕಳಿಸುತ್ತೇನೆಂದರೆ ಫೋನು ಒಪ್ಪುವುದಿಲ್ಲ. ಮುಖ ಎದುರಿಗೇ ಇರಬೇಕು, ಕಣ್ಣು ಮಿಟುಕಿಸಬೇಕು. ಹೀಗಾಗಿ ತಿಂಗಳಿಗೊಮ್ಮೆ ಊರಿನ ಬಸುರಿಯರು ಸೆರಗು ಸಿಕ್ಕಿಸಿಕೊಂಡು ಬಂಡೆ ಹತ್ತುವುದು, ಶಂಕ್ರಮ್ಮ ಹಿಂದಿನಿಂದ ಕೈಯೊಡ್ಡಿಕೊಂಡು ಹತ್ತುವುದು ರೂಢಿಯಾಯಿತು.

ಹೋದ ಶ್ರಾವಣದಲ್ಲಿ ಸುನಿತಾ ಜಾರಿದಳು. ಆಗ ಆಕೆಗೆ ಏಳು ತಿಂಗಳು. ಜಾರಿದವಳು ಶಂಕ್ರಮ್ಮನ ಮೈಮೇಲೆ ಬಿದ್ದದ್ದರಿಂದ ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ, ಶಂಕ್ರಮ್ಮನ ಎಡಗೈ ಮುರಿಯಿತು. ಇಪ್ಪತ್ತಾರು ವರ್ಷಗಳಿಂದ ಆ ಊರಿನ ಮಕ್ಕಳನ್ನೆಲ್ಲ ತಕ್ಕಡಿಯಲ್ಲಿ ತೂಗಿದವಳು ಶಂಕ್ರಮ್ಮ. ಈ ಸುನಿತಾಳನ್ನೂ ಒಂದು ಕಾಲಕ್ಕೆ ಆರು ಕಿಲೋ ಎಂದು ತೂಗಿ, ಸಾಲದು ಎಂದು ತಾನೇ ಮೊಟ್ಟೆ ಬೇಯಿಸಿ ತಿನ್ನಿಸಿದ್ದಳು. ಅಂಥ ಸುನಿತಾ ಬಂಡೆಯ ಬುಡದಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದನ್ನು ನೋಡಿ ಶಂಕ್ರಮ್ಮನಿಗೆ ತನ್ನ ಕೈಯ ನೋವು ಮರೆತೇಹೋಯಿತು, ಸಿಟ್ಟು ನೆತ್ತಿಗೇರಿತು.

"ಇನ್ನ ಈ ಊರಾಗ ಬಸುರಿ ಹೆಣ್ಮಗಳು ಬಂಡಿ ಹತ್ತಬಾರ್ದು. ಊರೊಳಗ ಟವರ್ ಬರೂತನಕ ನಾ ಬಿಡಾಕಿ ಅಲ್ಲ" ಎಂದಳು.

ಆಕೆಯ ಗಂಡ ಅಮರಪ್ಪ ಮಾತು ಕಡಿಮೆಯ ಮನುಷ್ಯ. ಹೆಂಡತಿ ಹಿಡಿದರೆ ಉಡದ ಹಿಡಿತ ಎಂದು ಬಲ್ಲವನಾದ್ದರಿಂದ ಸುಮ್ಮನೆ ಬೈಕ್ ಹೊರಗೆ ತೆಗೆದ. ಕುತ್ತಿಗೆಗೆ ಕೈ ತೂಗುಹಾಕಿಕೊಂಡೇ ಆಕೆ ಕುಷ್ಟಗಿಗೆ ಹೋಗಿ, ಸಂಸದರು ನಡೆಸುವ ಅಹವಾಲು ಸಭೆಯಲ್ಲಿ, ಊರಿನ ಟವರಿನ ವಿಷಯ ಸಂಸತ್ತಿನಲ್ಲಿ ಕೇಳಿ ಎಂದು ಅರ್ಜಿ ಕೊಟ್ಟಳು. ಅರ್ಜಿ ತೆಗೆದುಕೊಂಡವನು ಸಂಸದರ ಆಪ್ತ ಸಹಾಯಕ ಉಮಾಪತಿ.

"ಅಕ್ಕಾರ, ಸದನದಾಗ ಪ್ರಶ್ನಿ ಕೇಳೂದು ಅಂದ್ರ ಸುಮ್ನ ಅಲ್ರಿ. ಹದಿನೈದು ದಿನ ಮುಂಚೆ ಬರ್ದು ಕೊಡಬೇಕು. ನೂರಾರು ಬಂದಿರ್ತಾವ, ಚೀಟಿ ಎತ್ತಿದಂಗ ಎತ್ತತಾರ" ಎಂದ ಅವನು.

"ನಮ್ಮದು ಎತ್ತೂತನಕ ಕೊಡ್ಕೋತ ಹೋಗ್ರಿ" ಎಂದಳು ಶಂಕ್ರಮ್ಮ.

ಅಷ್ಟು ಹೇಳಿ ಮನೆಯಲ್ಲಿ ಕೂಡಲಿಲ್ಲ. ನಾಲ್ಕು ಸಲ ಹೋಗಿ ಬಂದಳು. ಐದನೆಯ ಸಲ ಹೋಗುವ ಮೊದಲೇ, ಡಿಸೆಂಬರಿನ ಒಂದು ಸಂಜೆ ಬಂಡೆಯ ಮೇಲಿದ್ದಾಗ ಉಮಾಪತಿಯ ಫೋನ್ ಬಂತು. ಪ್ರಶ್ನೆ ಚೀಟಿಯಲ್ಲಿ ಎದ್ದಿತ್ತು. ಅದೂ ಚುಕ್ಕೆ ಗುರುತಿನದು, ಹನ್ನೊಂದನೆಯ ನಂಬರು, ಬರುವ ಬುಧವಾರ.

ಬುಧವಾರ ಊರಿನಲ್ಲಿ ಯಾರೂ ಹೊಲಕ್ಕೆ ಹೋಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಮುದಿಯಪ್ಪನ ಮನೆಯ ಟಿವಿಗೆ ಮಾಳಿಗೆಯ ಮೇಲೊಂದು ಡಿಶ್ ಬುಟ್ಟಿ ಇತ್ತು. ಮುದಿಯಪ್ಪ ಹಿಂದೊಮ್ಮೆ ಪಂಚಾಯ್ತಿ ಸದಸ್ಯನಾಗಿದ್ದವನು, ಈಗ ಊರಿಗೆಲ್ಲ ಕಾಕಾ. ಅವನ ಪಡಸಾಲೆ ತುಂಬಿ ಹೊರಗಿನ ಕಟ್ಟೆಯೂ ತುಂಬಿತು. ದಿಲ್ಲಿಯ ದೊಡ್ಡವರ ಬಾಯಲ್ಲಿ ಕರೇಬಂಡಿ ಎಂಬ ಹೆಸರು ಬರುವುದನ್ನು ಕೇಳಲು ಮುದುಕಿಯರೂ ಬಂದು ಕುಳಿತಿದ್ದರು. ಚುರುಮುರಿಯ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು.

ಹನ್ನೊಂದಕ್ಕೆ ಸಭಾಧ್ಯಕ್ಷರು ಬಂದರು. ಎಲ್ಲರೂ ಎದ್ದರು, ಕುಳಿತರು. ತೀರಿಕೊಂಡ ಹಳೆಯ ಸದಸ್ಯರೊಬ್ಬರಿಗೆ ಮೌನ ಆಚರಿಸಿದರು. ಆ ಮೌನದ ಬಡ್ಡಿಯನ್ನೂ ಸೇರಿಸಿ ತೀರಿಸುವಂತೆ ಮರುಗಳಿಗೆಗೆ ಗದ್ದಲ ಎದ್ದಿತು. ಘೋಷಣೆ ಬರೆದ ಹಲಗೆ ಹಿಡಿದ ಸದಸ್ಯರು ನಡುವಿನ ಅಂಗಳಕ್ಕೆ ಇಳಿದರು. ಮೊದಲನೆಯ ಪ್ರಶ್ನೆಯ ನಂಬರು ಕೂಗಿದ್ದಷ್ಟೇ ಕೇಳಿಸಿತು. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಸದನ ಮುಂದಕ್ಕೆ ಹೋಯಿತು, ಟಿವಿಯಲ್ಲಿ ಖಾಲಿ ಕುರ್ಚಿಗಳು ಉಳಿದವು.

ಪಡಸಾಲೆಯಲ್ಲಿ ನಗೆ ಎದ್ದಿತು. ಮುದಿಯಪ್ಪ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತ, "ನಮ್ಮ ಗ್ರಾಮಸಭಾ ಇದಕಿಂತ ಛಲೋ ಬಿಡವ್ವ ಶಂಕ್ರವ್ವ. ಹೊಡದಾಡಿದ್ರೂ ಅರ್ಧ ತಾಸರೆ ಕುಂತಿರ್ತೀವಿ" ಎಂದ.

"ಸದನ ಎದ್ದ್ ಹೋದ್ರ ಉತ್ತರ ಎದ್ದ್ ಹೋಗೂದಿಲ್ಲ ಕಾಕಾ. ಬಾಯಿಂದ ಹೇಳೂದು ತಪ್ಪಿದ್ರ ಬರ್ದದ್ದನ್ನ ಮೇಜಿನ ಮ್ಯಾಲೆ ಇಟ್ಟಿರ್ತಾರ" ಎಂದು ಶಂಕ್ರಮ್ಮ ಎದ್ದಳು. ಯಾರೂ ನಂಬಲಿಲ್ಲ. ಆಕೆ ಹನುಮಸಾಗರದ ಹಾದಿ ಹಿಡಿದಳು.

ಅಲ್ಲಿ ಶಬ್ಬೀರಸಾಬನ ಕಂಪ್ಯೂಟರ್ ಅಂಗಡಿ ಇದೆ. ಪಹಣಿ, ಪಡಿತರ ಚೀಟಿ, ಪರೀಕ್ಷೆಯ ಫಲಿತಾಂಶ, ಎಲ್ಲದಕ್ಕೂ ಜನ ಅಲ್ಲಿಗೇ ಹೋಗುವುದು. ಅವನು ಸಂಸತ್ತಿನ ಉತ್ತರವನ್ನು ಹುಡುಕಿ, ಪ್ರಿಂಟ್ ತೆಗೆದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಹೇಳಿದ.

"ಅಕ್ಟೋಬರ್ ಹದಿನಾಲ್ಕನೇ ತಾರೀಖಿಗೆ ಕರೇಬಂಡಿ ಊರಾಗ ಸ್ಥಳ ಪರೀಕ್ಷೆ ಮಾಡ್ಯಾರಂತ್ರಿ. ಸಿಗ್ನಲ್ ಛಲೋ ಐತಂತ. ಹೊಸಾ ಟವರ್ ಬೇಕಾಗಿಲ್ಲ ಅಂತ ಬರ್ದಾರ."

ಶಂಕ್ರಮ್ಮ ಕೆಂಡವಾದಳು. ಯಾವ ಪುಣ್ಯಾತ್ಮ ಬಂದಿದ್ದ, ಯಾರ ಮನೆ ಮುಂದೆ ನಿಂತು ನೋಡಿದ್ದ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಬೈದಳು. ಬೈಯುತ್ತ ಬೈಯುತ್ತಲೇ ಆಕೆಯ ದನಿ ಇಳಿಯಿತು. ಹದಿನಾಲ್ಕನೆಯ ತಾರೀಖು ಮಕ್ಕಳ ತೂಕದ ದಿನ. ಆ ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಬಿಸಿಲಿಗೆ ಕಂದಿ ಅಂಗನವಾಡಿ ಬಾಗಿಲಿಗೆ ಬಂದಿದ್ದ. ಸರ್ವೇಕ್ಕೆ ಬಂದೇನ್ರಿ, ಫೋನ್ ನಡಿಯವಲ್ದು ಅಂದಿದ್ದ. ಯಾವ ಸರ್ವೇ ಎಂದು ಆಕೆ ಕೇಳಿರಲಿಲ್ಲ. ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಊರಿಗೆ ಮರ್ಯಾದೆಯೇ ಎಂದು ಚಹಾ ಕುಡಿಸಿ, ಮಿರ್ಚಿ ತಿನ್ನಿಸಿ, ಮುರಿದ ಕೈ ಇನ್ನೂ ನೆಟ್ಟಗಾಗದಿದ್ದರೂ ಮುಂದೆ ನಿಂತು ಬಂಡೆ ಹತ್ತಿಸಿದ್ದಳು. ಮೇಲೆ ಹೋಗಿ ಅವನು, "ಸಿಗ್ನಲ್ ನಾಕು ಕಡ್ಡಿ ಬಂತ್ರಿ ಅಕ್ಕಾರ" ಎಂದಾಗ ಅಲ್ಲಿದ್ದ ಗಂಡಸರೆಲ್ಲ ಹಿಗ್ಗಿದ್ದರು. ಅವನು ಅಲ್ಲಿ ನಿಂತೇ ಫೋನಿನಲ್ಲಿ ಏನೋ ಒತ್ತಿಕೊಂಡಿದ್ದ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಯಿತು. ಆಕೆ ಇದನ್ನು ಹೇಳಿದಾಗ ಶಬ್ಬೀರಸಾಬ ಬಿದ್ದು ಬಿದ್ದು ನಕ್ಕ. ಶಂಕ್ರಮ್ಮನಿಗೆ ಮಾತ್ರ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕುಳಿತಳು. ತನ್ನ ಕೈಯಾರೆ ಊರಿನ ಹೆಣ್ಣುಮಕ್ಕಳಿಗೆ ಕೇಡು ಮಾಡಿದೆನೆಂದು ತನ್ನನ್ನೇ ಬೈದುಕೊಂಡಳು. ಆದರೆ ಊರು ಬರುವಷ್ಟರಲ್ಲಿ ನಾಚಿಕೆ ಗಟ್ಟಿಯಾಗಿ ಹಟವಾಗಿತ್ತು. ಕೆಡಿಸಿದವಳೇ ತಿದ್ದಬೇಕು ಎಂದು ಇಳಿದಳು.

ನಡೆದದ್ದನ್ನೆಲ್ಲ ಸಂಸದರಿಗೆ ಬರೆದು ಉತ್ತರ ತಿದ್ದಿಸುತ್ತೇನೆಂದು ಆಕೆ ಹೇಳಿದ್ದು ಮುದಿಯಪ್ಪನಿಗೆ ಸರಿಬರಲಿಲ್ಲ. "ಅವರು ಸುಳ್ಳು ಬರ್ದಾರ ಅಂತ ಬರಿ, ಮುಗೀತು. ನಾನ ಹತ್ತಿಸಿದ್ದೆ ಅಂತ ಯಾಕ ಹೇಳ್ತಿ? ಕಾಲಮ್ಯಾಲೆ ಕಲ್ಲು ಎಳಕೊಂಡಂಗ. ನಾಳೆ ನಿನ್ನ ನೌಕರಿಗೆ ಬಂದ್ರ?"

"ಆ ಹುಡುಗ ಸುಳ್ಳು ಬರ್ದಿಲ್ಲ ಕಾಕಾ. ನಾ ನಿಲ್ಲಿಸಿದಲ್ಲಿ ನಿಂತಾನ, ಕಂಡದ್ದು ಬರ್ದಾನ. ಅವನ ಅನ್ನಕ್ಕ ಕಲ್ಲು ಹಾಕಿ ನಮಗ ಟವರ್ ಬ್ಯಾಡ. ಇದ್ದದ್ದು ಇದ್ದಂಗ ಬರೀತೀನಿ."

ಬರೆದಳು. ಬರೆದದ್ದಕ್ಕೆ ಜೋಡಿಯಾಗಿ ಇನ್ನೊಂದು ಕೆಲಸ ಮಾಡಿದಳು. ಅಂಗನವಾಡಿಯಲ್ಲಿ ಪ್ರತಿ ಮಗುವಿಗೂ ಒಂದು ಬೆಳವಣಿಗೆಯ ನಕ್ಷೆ ಇರುತ್ತದೆ. ತೂಕ ಸರಿಯಿದ್ದರೆ ಹಸಿರು ಪಟ್ಟಿಯಲ್ಲಿ ಚುಕ್ಕೆ, ಕಡಿಮೆಯಾದರೆ ಹಳದಿ, ತೀರಾ ಕೆಟ್ಟರೆ ಕೆಂಪು. ಶಂಕ್ರಮ್ಮ ಅಂಥದೊಂದು ಖಾಲಿ ನಕ್ಷೆ ತೆಗೆದುಕೊಂಡಳು. ಸಹಾಯಕಿ ದುರಗಮ್ಮನನ್ನು ಕರೆದುಕೊಂಡು ಒಂದು ತಿಂಗಳು, ದಿನಕ್ಕೆ ಮೂರು ಹೊತ್ತು, ಇಪ್ಪತ್ತಾರು ಕಡೆ ಫೋನ್ ಹಿಡಿದು ನಿಂತಳು. ಪ್ರತಿ ಬಸುರಿಯ ಮನೆ ಬಾಗಿಲು, ಸಾಲೆ, ಬಾವಿಕಟ್ಟೆ, ಬಸ್ ನಿಲ್ಲುವ ಜಾಗ. ನಿಂತಲ್ಲೆಲ್ಲ ಚುಕ್ಕೆ ಇಟ್ಟಳು. ಇಪ್ಪತ್ತೈದು ಕಡೆ ಕೆಂಪು, ಬಂಡೆಯ ಮೇಲೊಂದೇ ಹಸಿರು. ನಕ್ಷೆಯ ತಲೆಯ ಮೇಲೆ ಮಗುವಿನ ಹೆಸರು ಬರೆಯುವಲ್ಲಿ ಕರೇಬಂಡಿ ಎಂದು ಬರೆದಳು. ಸ್ಥಿತಿ ಎಂಬಲ್ಲಿ, ತೀವ್ರ ಅಪೌಷ್ಟಿಕ. ನಕ್ಷೆಯ ಹಿಂಬದಿಗೆ ಊರಿನ ಹೆಂಗಸರೆಲ್ಲ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಕುಷ್ಟಗಿಯಲ್ಲಿ ಉಮಾಪತಿ ನಕ್ಷೆ ನೋಡಿ ಮೊದಲು ನಕ್ಕ. ಪತ್ರ ಓದಿ ನಗು ನಿಲ್ಲಿಸಿದ.

"ಕೊಟ್ಟ ಉತ್ತರಾ ತಿದ್ದಬೇಕಂದ್ರ ಭಾಳ ಕಷ್ಟ ಅಕ್ಕಾರ. ಸ್ವತಾ ಮಂತ್ರಿಗಳ ಸದನದಾಗ ಎದ್ದು ನಿಂತು ತಿದ್ದಬೇಕಾಗತೈತಿ."

"ಎದ್ದು ನಿಲ್ಲಲಿ. ನಮ್ಮ ಬಸುರಿಯರು ಬಂಡಿನ ಹತ್ತತಾರ, ಅವರಿಗೆ ಕುರ್ಚಿ ಬಿಟ್ಟು ಏಳಾಕ ಏನ್ ಕಷ್ಟರಿ?"

ಫೆಬ್ರವರಿ ಹೋಯಿತು. ಅಧಿವೇಶನ ನಡೆದ ದಿನಗಳಲ್ಲಿ ಆಕೆ ಸಂಜೆಗೊಮ್ಮೆ ಬಂಡೆ ಹತ್ತಿ ಮರುದಿನದ ಕಾರ್ಯಸೂಚಿ ತೆರೆದು ನೋಡುತ್ತಿದ್ದಳು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ತನ್ನ ಪ್ರಶ್ನೆಯ ನಂಬರು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. ಮಾರ್ಚ್ ಮೂರನೆಯ ವಾರದಲ್ಲಿ ಒಂದು ಸಂಜೆ ಅದು ಹದಿನಾಲ್ಕನೆಯ ಬಾಬತ್ತಿನಲ್ಲಿ ಕಂಡಿತು. ಇಂಥ ದಿನ ಇಂಥ ಪ್ರಶ್ನೆಗೆ ಕೊಟ್ಟ ಉತ್ತರವನ್ನು ತಿದ್ದುವ ಹೇಳಿಕೆ ಎಂದು ಶಬ್ಬೀರಸಾಬ ಫೋನಿನಲ್ಲಿ ಓದಿ ಹೇಳಿದ.

ಈ ಸಲ ಮುದಿಯಪ್ಪನ ಪಡಸಾಲೆಗೆ ಯಾರೂ ಬರಲಿಲ್ಲ. ಶಂಕ್ರಮ್ಮ, ಮುದಿಯಪ್ಪ, ಮತ್ತು ಐದು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಸುನಿತಾ, ಇಷ್ಟೇ ಜನ. ಹನ್ನೆರಡರ ಮೇಲೆ ಮಂತ್ರಿಗಳು ಒಬ್ಬರಾದ ಮೇಲೊಬ್ಬರು ಎದ್ದು ಕಾಗದ ಇಡತೊಡಗಿದರು. ಹದಿನಾಲ್ಕನೆಯ ಬಾಬತ್ತು ಬಂತು. ಮಂತ್ರಿಗಳು ಎದ್ದರು, ಒಂದು ವಾಕ್ಯ ಓದಿದರು, ಕುಳಿತರು. ಕರೇಬಂಡಿ ಎಂಬ ಹೆಸರೂ ಬರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಮುಂದಿನ ಬಾಬತ್ತು ಶುರುವಾಗಿತ್ತು.

"ಇಷ್ಟನಾ?" ಎಂದ ಮುದಿಯಪ್ಪ.

"ಇಷ್ಟ, ಕಾಕಾ" ಎಂದಳು. ಆಕೆಯ ಕಣ್ಣುಗಳು ತುಂಬಿದ್ದವು. ಸಂತೋಷವಾಗಿತ್ತು, ಮುಚ್ಚಿಟ್ಟುಕೊಳ್ಳಲಿಲ್ಲ. ಸುನಿತಾಳ ಕೂಸನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. ಆದರೂ ಬಂಡೆ ಇದ್ದಲ್ಲೇ ಇತ್ತು. ಮೇಜಿನ ಮೇಲೆ ಇಟ್ಟ ಹೇಳಿಕೆಯಲ್ಲಿ ಇದ್ದದ್ದು ಇಷ್ಟೇ. ಊರ ವಸತಿಯೊಳಗೆ ಸಂಪರ್ಕವಿಲ್ಲವೆಂದು ತಿಳಿದುಬಂದಿದೆ, ಮರುಪರೀಕ್ಷೆ ಮಾಡಿ ಟವರಿನ ವಿಚಾರ ತೀರ್ಮಾನಿಸಲಾಗುವುದು.

ಮರುಪರೀಕ್ಷೆಗೆ ಏಪ್ರಿಲ್‌ನಲ್ಲಿ ಅದೇ ಹುಡುಗ ಬಂದ. ಹೆಸರು ಗವಿಸಿದ್ದೇಶ ಎಂದು ಆಗ ಗೊತ್ತಾಯಿತು.

"ನಿಮ್ಮ ಮಿರ್ಚಿ ತಿಂದದ್ದಕ್ಕ ನನಗ ನೋಟೀಸ್ ಬಂದಿತ್ರಿ ಅಕ್ಕಾರ. ತಪ್ಪು ನಿಮ್ಮದ ಅಂತ ನೀವ ಬರ್ದಿದ್ರಲ್ಲ, ಅದಕ್ಕ ಉಳಕೊಂಡೆ" ಎಂದ.

ಈ ಸಲ ಆಕೆ ಯಾವ ಸರ್ವೇ ಎಂದು ಕೇಳುವುದು ಬೇಕಾಗಿರಲಿಲ್ಲ. ಇಪ್ಪತ್ತೈದು ಕಡೆಯೂ ಜೊತೆಗೇ ತಿರುಗಿ ತೋರಿಸಿದಳು. ಒಂದು ಕಡ್ಡಿಯೂ ಏಳಲಿಲ್ಲ. ಅಂಗನವಾಡಿ ಬಾಗಿಲಲ್ಲಿ ಕುಳಿತು ಚಹಾ ಕುಡಿದ ಮೇಲೆ ಅವನು, "ಸಾಹೇಬ್ರಿಗೆ ಫೋನ್ ಹಚ್ಚಬೇಕಿತ್ರಿ, ಬಂಡಿ ಮ್ಯಾಲೆ ಹೋಗೂಣೇನು?" ಎಂದ.

"ಮೊದ್ಲ ಕಾಗದದ ಮ್ಯಾಲೆ ಬರ್ದು ಸಹಿ ಮಾಡ್ರಿ. ಆಮ್ಯಾಲೆ ಬಂಡಿ" ಎಂದಳು ಶಂಕ್ರಮ್ಮ.

ಬಂದವರಿಗೆ ಹಾಗೆ ಹೇಳಿದ್ದು ಆಕೆಯ ಜನ್ಮದಲ್ಲಿ ಅದೇ ಮೊದಲು. ಗವಿಸಿದ್ದೇಶ ನಗುತ್ತ ಬರೆದ, ಸಹಿ ಮಾಡಿದ. ಅಂದು ಮುಖ ಹಿಡಿಯುವ ದಿನವೂ ಆಗಿತ್ತು. ಸುನಿತಾ ಕೂಸನ್ನು ಬಗಲಿಗೆ ಕಟ್ಟಿಕೊಂಡು ಮುಂದೆ ಹತ್ತಿದಳು. ಅವಳ ಹಿಂದೆ ಎಂಟು ತಿಂಗಳ ಬಸುರಿ ಪಂಪಮ್ಮ, ಅವಳ ಹಿಂದೆ ಕೈಯೊಡ್ಡಿಕೊಂಡು ಶಂಕ್ರಮ್ಮ. ಎಲ್ಲರ ಹಿಂದೆ ಗವಿಸಿದ್ದೇಶ. ಅರ್ಧಕ್ಕೆ ಬಂದವನು ಏದುಸಿರು ಬಿಡುತ್ತ ನಿಂತು, ಮೇಲೆ ಕಲ್ಲಿಗೆ ಅಂಗೈ ಊರಿ ಕಾಲೆತ್ತಿಡುತ್ತಿದ್ದ ಪಂಪಮ್ಮನನ್ನು ನೋಡಿದ. ಹೋದ ಸಲ ಅವನು ಹತ್ತಿದ್ದಾಗ ಹೆಂಗಸರು ಯಾರೂ ಜೊತೆಗಿರಲಿಲ್ಲ, ಶಂಕ್ರಮ್ಮ ಒಬ್ಬಳ ಹೊರತು.

"ಇಂಥಾಕಿನೂ ಇದನ್ನ ಹತ್ತಬೇಕೇನ್ರಿ?" ಎಂದ.

"ತಿಂಗಳಾ ತಿಂಗಳಾ ಹತ್ತತಾರ. ಅದನ್ನೂ ಬರ್ಕೋರಿ" ಎಂದಳು ಶಂಕ್ರಮ್ಮ, ಪಂಪಮ್ಮನ ಬೆನ್ನಿನಿಂದ ಕೈ ತೆಗೆಯದೆ.

ಅವನು ಅಲ್ಲೇ ಕಲ್ಲಿನ ಮೇಲೆ ಕುಳಿತು ಚೀಲದಿಂದ ಕಾಗದ ತೆಗೆದ. ಸಹಿಯ ಕೆಳಗೆ ಇನ್ನೂ ಎರಡು ಸಾಲು ಬರೆದ. ಮಡಿಚುವುದರೊಳಗೆ ಶಂಕ್ರಮ್ಮ ಮೇಲಿನಿಂದಲೇ, "ಅದರ ಕೆಳಗ ಮತ್ತೊಂದ್ ಸಹಿ ಹಾಕ್ರಿ" ಎಂದಳು.

ಅವನು ಹಾಕಿದ.