ಜಪಾನಿನಿಂದ ಮರಳಿದ ಪುರಂದರ

ಪುರಂದರ ಪುಕ್ಕಲ. ಇದು ಅವನ ಮೌಶಿ, ತಾಯಿಯ ತಂಗಿ, ಗಂಗಾಬಾಯಿಯ ತೀರ್ಮಾನ. ಹೊಸಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಆಕೆ ತೀರ್ಮಾನಗಳನ್ನು ಸುಮ್ಮನೆ ಬದಲಿಸುವವಳಲ್ಲ. ಬೀದಿಯಲ್ಲಿ ಯಾರಾದರೂ ಗದರಿದರೆ ತಪ್ಪು ತನ್ನದೇ ಎಂದು ಒಪ್ಪಿ ಬರುವ ಹುಡುಗ ಅವನು. ಮನೆಯಲ್ಲಿ ಅಜ್ಜ ಗೋಪೀನಾಥಾಚಾರ್ಯರ ಎದುರು ಅವನ ದನಿಯೇ ಕೇಳುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ, ಗಣಿ ಡಿಪ್ಲೊಮಾದ ಕೊನೆಯ ವರ್ಷ, ಅವನನ್ನೂ ಸೇರಿಸಿ ತರಗತಿಯ ಕೆಲವರನ್ನು ಜಪಾನಿಗೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ದರು. ಸಂಡೂರಿನ ಗುಡ್ಡದ ಅದಿರು ಅಲ್ಲಿ ಹಡಗಿನಿಂದಿಳಿದು ಉಕ್ಕಾಗುವುದನ್ನು ಹುಡುಗರು ಕಣ್ಣಾರೆ ನೋಡಲಿ ಎಂದು. ಬಂದ ಮೇಲೆ ಅವನ ಸಹಪಾಠಿ, ಕಂಪ್ಲಿಯ ಓಬಳೇಶನ ಬಾಯಿಗೆ ಬಿಡುವೇ ಇಲ್ಲ. ಗಂಗಾಬಾಯಿಯನ್ನು ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿದ.

"ಮಸ್ತ್ ದೇಶ ಐತ್ರಿ ಮೇಡಂ! ಅಲ್ಲೇ ನೌಕ್ರಿ ಮಾಡು ಅಂದ್ರ ಈಗ್ಲೇ ವಿಮಾನ ಹತ್ತತೀನ್ರಿ."

ಸಮುದ್ರ ದಾಟಿದವನು ಶುದ್ಧನಾಗಬೇಕೆಂದು ಅಜ್ಜ ಹಟ ಹಿಡಿದಾಗ, ಪುರಂದರ ತಲೆ ತಗ್ಗಿಸಿ ಪಂಚಗವ್ಯ ಕುಡಿದ.

"ಒಮ್ಮೆ ಆತು, ಕ್ಷಮಾ ಮಾಡೇನಿ. ಇನ್ನೊಮ್ಮೆ ಹೋಗ್ತೀನಿ ಅಂದ್ರ ನಮ್ಮ ಊಟದ ಪಂಕ್ತ್ಯಾಗ ನಿನಗ ಜಾಗಾ ಇಲ್ಲ," ಎಂದರು ಅಜ್ಜ. ಅದಕ್ಕೂ ತಲೆಯಾಡಿಸಿದ.

ಮರುವರ್ಷ ಆಫ್ರಿಕದ ಒಂದು ಕಬ್ಬಿಣದ ಗಣಿಯವರು, ಪ್ರವಾಸ ಹೋಗಿಬಂದ ಹುಡುಗರನ್ನೆಲ್ಲ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು. ಗಂಗಾಬಾಯಿಯ ಕುತೂಹಲ ಕೆರಳಿತು. ಎಲ್ಲರೂ ನೋಡಿದ್ದು ಅದೇ ಬಂದರು, ಅದೇ ಕುಲುಮೆ. ಅದು ಯಾರೊಳಗೆ ಏನು ಮಾಡಿದೆ? ಮೊದಲು ಓಬಳೇಶನನ್ನೇ ಕೇಳಿದಳು.

"ತಿರುಗಾಡಿ ಬರೋದು ಬ್ಯಾರೇರಿ ಮೇಡಂ. ಅಲ್ಲಿ ಎಬ್ಬಿಸಾಕ ಒಬ್ಬ, ಉಣಿಸಾಕ ಒಬ್ಬ ಇದ್ದ. ಇದು ಮೂರು ವರ್ಷ! ನನಗ ಇಲ್ಲೇ ದೋಣಿಮಲೈ ಗಣ್ಯಾಗ ನೌಕ್ರಿ ಸಿಕ್ಕೈತಿ, ಸಾಕ್ರಿ."

"ಮತ್ತ ನಿನ್ನ ವಿಮಾನ?"

"ಅದು ಹಾರೋದು ನಮ್ಮ ಗದ್ದಿ ಬದುವಿನ ಮ್ಯಾಗಿಂದಾನೂ ಕಾಣಸ್ತೈತ್ರಿ."

ಉಳಿದವರೂ ಹಿಂಜರಿದರು. ಉತ್ತರ ಕಳಿಸಲು ಒಂದೇ ದಿನ ಉಳಿದಿದ್ದಾಗ ಗಂಗಾಬಾಯಿ ಅಕ್ಕನ ಮನೆಗೆ ಬಂದು, ಹಿತ್ತಲಲ್ಲಿ ಪುರಂದರನನ್ನು ಹಿಡಿದಳು.

"ನಿನಗ ಹೋಗೋ ಮನಸ್ಸು ಅದ ಏನೋ?"

"ಅದ, ಮೌಶಿ."

ಆಕೆಗೆ ನಂಬಿಕೆ ಬರಲಿಲ್ಲ. "ಅಲ್ಲಿ ಅಂಥಾದ್ದೇನು ಕಂಡಿ?"

"ಒಂದಿನ ದಾರಿ ತಪ್ಪಿದೆ. ಯಾರ ಮಾತೂ ತಿಳೀಲಿಲ್ಲ. ಕೈಸನ್ನಿ ಮಾಡಿಕೋತ ಸಂಜಿತನಕಾ ಊರೆಲ್ಲಾ ತಿರಗಿದೆ."

"ಹೆದರಿ ಅತ್ತಿರಬೇಕು."

"ಇಲ್ಲ! ಅದಽ ನನಗೂ ಆಶ್ಚರ್ಯ. ನಾ ಪುಕ್ಕಲ ಅನ್ನೋದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ನೋಡು."

ಗಂಗಾಬಾಯಿ ನಗಲಿಲ್ಲ. "ನನ್ನ ಮುಂದ ಹೇಳಿದ್ರೇನು ಬಂತು? ನಿಮ್ಮಜ್ಜನ ಮುಂದ ಹೇಳು."

ಅವನು ಕಾಲ ಬೆರಳು ನೋಡುತ್ತ ನಿಂತ. ಇವನಿಂದ ಆಗದು ಎಂದುಕೊಂಡು ಆಕೆ ಒಳಗೆ ಹೋದಳು.

ಊಟದ ಹೊತ್ತಾಯಿತು. ಅಜ್ಜ ಬಂದು ಕುಳಿತರು. ಅವರ ಮಗ್ಗುಲಲ್ಲೇ ಪುರಂದರನ ಎಲೆ ಹಾಕಿತ್ತು. ತಾಯಿ ಗೋದಾಬಾಯಿ ಅನ್ನದ ಪಾತ್ರೆ ಹಿಡಿದು ಬಂದಳು. ಪುರಂದರ ಕೂರಲಿಲ್ಲ. ಬಗ್ಗಿ, ಇನ್ನೂ ಬಡಿಸದ ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊಸ್ತಿಲು ದಾಟಿ ಹೊರಗಿನ ಪಡಸಾಲೆಯಲ್ಲಿ ಅದನ್ನು ಹಾಸಿ, ಅಜ್ಜನಿಗೆ ಕಾಣುವಂತೆ ಕುಳಿತ.

"ಅಮ್ಮಾ, ನನಗ ಇಲ್ಲೇ ಬಡಸು," ಎಂದ.