ಹೊಸಮನಿ ಸರ್ ತುಂಬಿಸಿದ ನೀರು

ಹೊಸಮನಿ ಸರ್ ಅವರ ಬಲಗೈಯ ಎರಡು ಬೆರಳು ಸದಾ ಕಪ್ಪು. ಸಿಲ್ವರ್ ನೈಟ್ರೇಟಿನ ಕಲೆ ಅದು, ತೊಳೆದರೆ ಹೋಗುವಂಥದ್ದಲ್ಲ. ಆ ಬೆರಳುಗಳಲ್ಲೇ ಗಾಜಿನ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ಇಳಿಯುತ್ತಿದ್ದ ಬಿಳಿ ಗಸಿಯನ್ನು ಮಾತಾಡಿಸುತ್ತಿದ್ದರು. "ಕುಂದ್ರಪಾ, ಸಾವಕಾಶ ಕುಂದ್ರು. ಅವಸರ ಏನೈತಿ?"

ಇಳಕಲ್ಲಿನ ನಮ್ಮ ಪಿಯು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹೆಸರಿಲ್ಲದ ಉಪ್ಪಿನ ಪೊಟ್ಟಣ ಕೊಟ್ಟು, ಅದು ಯಾವುದೆಂದು ನಮ್ಮಿಂದ ಪತ್ತೆ ಹಚ್ಚಿಸುವುದೆಂದರೆ ಅವರಿಗೆ ಜೀವ. ಯಾವುದು ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬುದನ್ನು ಬೀಗರ ಸ್ವಭಾವ ವಿವರಿಸಿದ ಹಾಗೆ ಹೇಳುತ್ತಿದ್ದರು. "ನೈಟ್ರೇಟ್ ಅಂದ್ರ ಎಲ್ಲಾರ ಕೂಡ ಬೆರೆಯೋ ಮಂದಿ, ಎಂದೂ ಗಸಿ ಆಗಂಗಿಲ್ಲ. ಸಲ್ಫೇಟ್ ಹಂಗಲ್ಲ. ಬೇರಿಯಂ ಕಂಡ್ರ ಸಾಕು, ತಳಾ ಹಿಡಿದು ಕುಂದರ್ತೈತಿ."

ನನ್ನ ಮೇಲೆ ಅವರಿಗೆ ಅಕ್ಕರೆ. ಒಮ್ಮೆ ಇಡೀ ತರಗತಿ ಒಂದು ಉಪ್ಪನ್ನು ಸೀಸದ್ದು ಎಂದಾಗ ನಾನೊಬ್ಬಳೇ ಬೇರಿಯಂ ಎಂದು ಹಟ ಹಿಡಿದೆ. ಸೀಸವಾಗಿದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗಲೇ ಗಸಿ ಬರಬೇಕಿತ್ತಲ್ಲ ಎಂಬುದು ನನ್ನ ವಾದ. ಸರ್ ಖುಷಿಯಾದರು. "ನಿನಗ ಟ್ಯೂಷನ್ ಯಾತಕ್ಕವ್ವಾ? ನಿನ್ನ ಕಣ್ಣ ಸಾಕು." ನಾನು ಉಬ್ಬಿಹೋದೆ, ಅವರ ಮನೆಯ ಟ್ಯೂಷನ್ನಿಗೆ ಹೋಗಲೇ ಇಲ್ಲ.

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಬೇಕೆಂಬುದು ನನ್ನ ಆಸೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದರಷ್ಟೇ ಆ ಸೀಟು ಸಿಗುವಂತಿತ್ತು.

ಪರೀಕ್ಷೆಯ ದಿನ ನನಗೆ ಕೊಟ್ಟ ಬಿಳಿ ಹರಳು ನೀರಿಗೆ ಹಾಕಿದ್ದೇ ಕರಗಿತು. ಬೇರಿಯಂ ಕ್ಲೋರೈಡ್ ಹಾಕಿದೆ, ಆಮ್ಲಕ್ಕೂ ಜಗ್ಗದ ಗಸಿ ಬಂತು. ಸಲ್ಫೇಟ್ ಎಂಬುದು ಖಚಿತವಾಯಿತು. ಆಮೇಲೆ ಅಮೋನಿಯಂ ಆಕ್ಸಲೇಟ್ ಹಾಕಿದರೆ ಮತ್ತೆ ಬಿಳುಪು, ಅಂದರೆ ಕ್ಯಾಲ್ಸಿಯಂ. ಇದೆಂಥಾ ಕಥೆ? ಕ್ಯಾಲ್ಸಿಯಂ ಸಲ್ಫೇಟ್ ಅಷ್ಟು ಸಲೀಸಾಗಿ ಕರಗುವ ಉಪ್ಪೇ ಅಲ್ಲ. ಕರಗಿದ ರೀತಿ ನೋಡಿದರೆ ಮೆಗ್ನೀಷಿಯಂ ಸಲ್ಫೇಟ್ ಇರಬೇಕು ಎಂದುಕೊಂಡು ಹಾಗೇ ಬರೆದೆ. ಅನುಮಾನ ಹೋಗಲಿಲ್ಲ. ಭಟ್ಟಿ ಇಳಿಸಿದ್ದೆಂದು ನಮಗೆಲ್ಲ ಇಟ್ಟಿದ್ದ ಕ್ಯಾನಿನ ಬರಿ ನೀರಿಗೇ ಆಕ್ಸಲೇಟ್ ಹಾಕಿದೆ, ಅದೂ ಬೆಳ್ಳಗಾಯಿತು. ಭಟ್ಟಿ ಇಳಿಸಿದ ನೀರು ಹಾಗಾಗುವುದಿಲ್ಲ. ಕ್ಯಾನಿನಲ್ಲಿದ್ದದ್ದು ಬೋರಿನ ಗಡಸು ನೀರು.

ಸರ್ ಅವರನ್ನು ಕರೆದೆ. ಅವರ ಹಿಂದೆಯೇ ಬೇರೆ ಊರಿನಿಂದ ಬಂದ ಪರೀಕ್ಷಕರು ನಿಂತಿದ್ದರು.

"ಸರ್, ನೀರಾಗ ಕ್ಯಾಲ್ಸಿಯಂ ಐತ್ರಿ."

ಸರ್ ನನ್ನ ಕೈಯ ಪ್ರನಾಳ ನೋಡಿದರು. "ನೀರು ಚೊಲೋ ಐತವ್ವಾ. ನಾನ ನಿಂತು ತುಂಬಿಸೀನಿ. ನಳಿಗ್ಯಾಗ ಕಂಡದ್ದು ಬರಿ."

ಅಲ್ಲಿಯತನಕ ಅವರ ಬಾಯಿಂದ ಒಂದು ಸುಳ್ಳು ಕೇಳಿದವಳಲ್ಲ ನಾನು. ಮೆಗ್ನೀಷಿಯಂ ಎಂದು ಬರೆದದ್ದನ್ನು ಹೊಡೆದುಹಾಕಿ ಕ್ಯಾಲ್ಸಿಯಂ ಎಂದು ಬರೆದೆ.

ಹೊರಗೆ ಬಂದರೆ ಗೆಳತಿ ಸಾವಿತ್ರಿ ನಗುತ್ತಿದ್ದಳು. "ನಾ ನಳಿಗಿ ಮುಟ್ಟೇ ಇಲ್ಲ. ಮೆಗ್ನೀಷಿಯಂ ಸಲ್ಫೇಟ್ ಅಂತ ಸರ್ ಮುಂಜಾನೆ ಟ್ಯೂಷನ್‌ದಾಗ ಎಲ್ಲಾರಿಗೂ ಹೇಳ್ಯಾರಲ್ಲ. ಯಾಕ, ನಿನಗ ಹೇಳಿಲ್ಲೇನ?"

ಸೀಟು ಹೋಯಿತು. ಬಿ.ಎ. ಓದಿ ಹುನಗುಂದದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನೀರು ಚೊಲೋ ಇದೆಯೆಂದು ಸರ್ ನಿಜವಾಗಿ ನಂಬಿದ್ದರು ಅಂತ ವರ್ಷಗಟ್ಟಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಳೆದ ಬೇಸಿಗೆಯಲ್ಲಿ ಹುನಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಿವೃತ್ತರಾಗಿದ್ದರು. ಜೊತೆಗಿದ್ದ ಅಳಿಯನಿಗೆ ನನ್ನನ್ನು ತೋರಿಸಿ, "ಪರೀಕ್ಷಾದಾಗ ಬೋರಿನ ನೀರು ಹಿಡಿದಾಕಿ ಇವಳೊಬ್ಬಳ ನೋಡಪಾ" ಎಂದು ಹೆಮ್ಮೆಯಿಂದ ಹೇಳಿದರು.

"ನಿಮಗ ಅವತ್ತ ಗೊತ್ತಿತ್ತೇನ್ರಿ?" ಎಂದೆ.

"ಗೊತ್ತಿಲ್ಲದ ಏನವ್ವಾ? ಹೊರಗಿನ ಮನಿಷ್ಯಾ ಮುಂದ ನಿಂತಿದ್ದ. ಕಾಲೇಜಿನ ಮರ್ಯಾದಿ ಉಳೀಬೇಕಿತ್ತು. ನೀ ಶಾಣ್ಯಾಕಿ, ಹೆಂಗಾದ್ರೂ ಪಾರಾಗ್ತಿ ಅನ್ಕೊಂಡೆ."

ನಾನು ಪಾರಾಗಿರಲಿಲ್ಲ. ಕೈಮುಗಿದು ಬಂದೆ. ಹಾಗೆ ಕೈಮುಗಿದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಹೋದ ತಿಂಗಳು ಸರ್ ತೀರಿಕೊಂಡರು. ಸಾವಿತ್ರಿ ಫೋನ್ ಮಾಡಿ, "ಮಣ್ಣಿಗೆ ಬಾರವಾ, ಅವರಿಗೆ ನಿನ್ನ ಮ್ಯಾಲ ಭಾಳ ಜೀವ ಇತ್ತು" ಎಂದಳು.

ಇತ್ತು, ಸುಳ್ಳಲ್ಲ. ಅವರು ಕಲಿಸಿದ ಒಂದಕ್ಷರವನ್ನೂ ನಾನು ಮರೆತಿಲ್ಲ. ಮಣ್ಣಿಗೆ ಹೋಗಲಿಲ್ಲ.